ನಾಗಕ್ಕನ ಸಿಗಡಿ ಚಟ್ನಿ

ಕೋಡಿ, ಕುಂದಾಪುರ
9-3-2025

ಪ್ರೀತಿಯ ಪ್ರೇಮಾನಂದನಿಗೆ ನಿನ್ನ ಪದ್ದು ಚಿಕ್ಕಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಹೋಗಿ ಕೈ ನಿಂತಿತು. ನಿನ್ನ ಅಮ್ಮ ನಾಗಕ್ಕನ ಬಲಗೈಗೆ ಇನ್ನೂ ಪಟ್ಟಿ ಇದೆ. ಆದರೆ ಊಟ, ನಿದ್ದೆ ಸರಿಯಾಗಿದೆ, ಬಾಯಿ ಮೊದಲಿಗಿಂತ ಜೋರಾಗಿದೆ. ಹೆದರಬೇಡ. ನಾನು ದುಬೈಯಿಂದ ಬಂದು ಎರಡು ತಿಂಗಳಾಯಿತು. ನೀನು ಕೊಟ್ಟ ಖರ್ಜೂರ ಮುಗಿಯಿತು, ಶಾಲು ಹೊದ್ದದ್ದೂ ಆಯಿತು. ಕಾಗದ ಮಾತ್ರ ಇವತ್ತು ಬರೆಯುತ್ತಿದ್ದೇನೆ. ತಡವಾದದ್ದಕ್ಕೆ ಬೇಸರಿಸಬೇಡ.

ದಿನಾ ಫೋನಿನಲ್ಲಿ ಮುಖ ಕಾಣುವಾಗ ಕಾಗದ ಯಾಕೆ ಎಂದು ನೀನು ಕೇಳಬಹುದು. ಮುಖ ಕಾಣುತ್ತದೆ, ಅದೇ ತೊಂದರೆ.

ಈ ಅಕ್ಷರ ನಿನಗೆ ಹೊಸದಲ್ಲ. ನೀನು ಆ ದೇಶಕ್ಕೆ ಹೋದ ಮೊದಲ ವರ್ಷಗಳಲ್ಲಿ ನಾಗಕ್ಕ ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ. ಏಳನೇ ಕ್ಲಾಸು ಓದಿದವಳು ನಾನೊಬ್ಬಳೇ ಅಲ್ಲವೇ? ಮೀನು ಬುಟ್ಟಿ ಕೆಳಗಿಟ್ಟು, ಕೈ ತೊಳೆದು, ನಿಮ್ಮ ಜಗಲಿಯಲ್ಲಿ ಕೂತು ಬರೆದದ್ದು ಎಷ್ಟೋ. ಅವಳು ಹೇಳಿದ್ದಕ್ಕೆ ಒಂದು ಮಾತು ಸೇರಿಸಿದವಳಲ್ಲ, ಬಿಟ್ಟವಳೂ ಅಲ್ಲ. ಈ ಸಲ ಮಾತು ನನ್ನದೇ.

ದುಬೈ ಹೇಗಿತ್ತು ಎಂದು ಕೇಳಿದವರಿಗೆಲ್ಲ ನಾನು ಕಟ್ಟಡದ ಎತ್ತರ ಹೇಳಿ ಬಾಯಿ ಮುಚ್ಚಿಸಿದ್ದೇನೆ. ನಿಜ ಹೇಳಬೇಕೆಂದರೆ ನನಗೆ ಖುಷಿಯಾದದ್ದು ಎರಡೇ ಕಡೆ. ಒಂದು, ದೇರಾದಲ್ಲಿ ದೋಣಿ ಹತ್ತಿ ಆಚೆ ದಡಕ್ಕೆ ಹೋದದ್ದು. ನಮ್ಮ ಗಂಗೊಳ್ಳಿಗೆ ದಾಟಿದ ಹಾಗೇ ಆಯಿತು. ದೋಣಿಯವನು ಕೈ ಹಾಕುವ ಮೊದಲೇ ನಾನು ಹಗ್ಗ ಬಿಚ್ಚಲು ಹೋದೆ, ಅಳಿಯ ನಿತೇಶ್ ನಾಚಿಕೊಂಡು ನನ್ನ ಸೆರಗು ಹಿಡಿದು ಕೂರಿಸಿದ. ಇನ್ನೊಂದು ಮೀನು ಮಾರ್ಕೆಟ್ಟು. ಏನು ಜನ, ಏನು ಗದ್ದಲ, ಎಷ್ಟು ಭಾಷೆ! ಬಂಗುಡೆಯ ಕಿವಿರು ಎತ್ತಿ ನೋಡಿ, "ಇದ್ ಮೊನ್ನಿದ್" ಎಂದೆ. ಮಾರುವವನಿಗೆ ಕನ್ನಡ ಬಾರದು, ಆದರೂ ಅರ್ಥವಾಗಿ ಬೇರೆ ಬುಟ್ಟಿ ತೆಗೆದ.

ಅದೆಲ್ಲ ರಜೆಯ ದಿನದ ಮಾತು. ಉಳಿದ ದಿನ ಮಗಳು ರಮ್ಯಶ್ರೀ, ಅಳಿಯ ಇಬ್ಬರೂ ಆಫೀಸಿಗೆ, ಮೊಮ್ಮಗಳು ದೀಕ್ಷಾ ಶಾಲೆಗೆ. ಹದಿನಾಲ್ಕನೇ ಮಾಳಿಗೆಯಲ್ಲಿ ನಾನೊಬ್ಬಳೇ. ಕಿಟಕಿಯಿಂದ ಸಮುದ್ರ ಕಾಣುತ್ತಿತ್ತು, ಅದರ ಸದ್ದು ಮಾತ್ರ ಕೇಳುತ್ತಿರಲಿಲ್ಲ. ಫ್ರಿಜ್ ತುಂಬ ತಿಂಡಿ ಇತ್ತು, ನನಗೆ ಹಸಿವೇ ಆಗುತ್ತಿರಲಿಲ್ಲ.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ.

ಊರಿನಿಂದ ಹೊರಟವರ ಪೆಟ್ಟಿಗೆಯಲ್ಲಿ ಬೇರೆ ಮನೆಯ ಕಟ್ಟು ಒಂದಾದರೂ ಇರಬೇಕು, ಒಯ್ಯುವವರು ಅದನ್ನು ಬಿಚ್ಚಬಾರದು. ಇದು ನಮ್ಮಲ್ಲಿ ಯಾರೂ ಬರೆದಿಡದ ಕಾನೂನು. ನಾನು ಹೊರಡುವ ಮುಂಚಿನ ದಿನ ನಾಗಕ್ಕ ಒಣ ಸಿಗಡಿ ಹುರಿದು, ಒಣ ಕೊಬ್ಬರಿ, ಮೆಣಸು ಹಾಕಿ ಒರಳಿನಲ್ಲಿ ಕುಟ್ಟಿ, ಬಾಟಲಿಗೆ ತುಂಬಿ, ನಿನ್ನ ಹಳೆಯ ಲುಂಗಿಯ ತುಂಡಿನಲ್ಲಿ ಕಟ್ಟಿ ತಂದಳು. "ಹೆಣೇ ಪದ್ದು, ಗಂಟ್ ಅವ್ನೇ ಬಿಚ್ಲಿ. ಮೊದ್ಲ್ ಮೂಸಿ ಕಾಣ್ತ, ಮತ್ತೆ ತಿಂತ. ಸಣ್ಣವ ಇಪ್ಪಾಗ್ಳೂ ಹಾಂಗೇ" ಎಂದಳು.

ಏರ್‌ಪೋರ್ಟಿನಲ್ಲಿ ತೆಗೆದಿಟ್ಟುಕೊಂಡರು ಎಂದು ನಿನಗೆ ಹೇಳಿದೆನಲ್ಲ ಮಗಾ, ಅದು ಸುಳ್ಳು. ಯಾರೂ ಪೆಟ್ಟಿಗೆ ತೆರೆಸಲೂ ಇಲ್ಲ. ಆ ಚಟ್ನಿ ತಿಂದವಳು ನಾನು. ಅಲ್ಲಿಗೆ ಹೋದ ಎಂಟನೇ ದಿನ ಮಧ್ಯಾಹ್ನ ಗಂಟು ಬಿಚ್ಚಿದೆ. ಒಂದು ಚಮಚ ಎಂದುಕೊಂಡೆ. ಮರುದಿನ ಇನ್ನೊಂದು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಬಿಸಿ ಅನ್ನಕ್ಕೆ ಕಲಸಿ ತಿಂದೆ. ಊರಿನ ನೆನಪಿಗೆ ಹಾಗೆ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡೆ.

ಅಷ್ಟರಲ್ಲಿ ನೀನು ರಜೆ ಹಾಕಿ, ಎರಡು ಬಸ್ಸು ಬದಲಾಯಿಸಿ ಬಂದೆ. ಬಾಗಿಲು ತೆರೆದಾಗ ನನ್ನ ಕೈಯಲ್ಲಿ ಚಟ್ನಿ ಅಂಟಿತ್ತು, ಸೆರಗಿನಲ್ಲಿ ಮುಚ್ಚಿಕೊಂಡೆ. ಬಟ್ಟಲ ಮೇಲೆ ಪೇಪರು ಹಾಕಿದ್ದೆ. ನೀನು ಒಳಗೆ ಕಾಲಿಟ್ಟವನೇ ಒಂದು ಗಳಿಗೆ ನಿಂತೆ. ನೀನು ಕೇಳುವ ಮೊದಲೇ ನಾನು ಏರ್‌ಪೋರ್ಟಿನ ಕಥೆ ಹೇಳಿಬಿಟ್ಟೆ. ನೀನು ನಕ್ಕು, "ಹೋಯ್ಲಿ ಬಿಡಿ ಚಿಕ್ಕಮ್ಮ. ನೀವ್ ಬಂದ್ರಿ ಅಲ್ದಾ, ಅಮ್ಮನ್ ಕಂಡಾಂಗೇ ಆಯ್ತ್" ಎಂದೆ. ಕೋಡಿಯಲ್ಲಿ ಹುಟ್ಟಿದವನಿಗೆ ಒಣ ಸಿಗಡಿಯ ವಾಸನೆ ಗೊತ್ತಾಗದೆ ಇರುತ್ತದೆಯೇ? ನಿನಗೆ ಅವತ್ತೇ ತಿಳಿದಿತ್ತು. ಹೌದೋ ಅಲ್ಲವೋ ಎಂದು ಎರಡು ತಿಂಗಳಿಂದ ಯೋಚಿಸುತ್ತಿದ್ದೇನೆ. ಹೌದು ಎಂದೇ ಅನಿಸುತ್ತದೆ.

ನಾನು ಊರಿಗೆ ಬಂದ ಮೂರನೇ ದಿನ ನಿಮ್ಮ ಜಗಲಿಯಲ್ಲಿ ಕೂತಿದ್ದಾಗ ನಿನ್ನ ಫೋನು ಬಂತು. ನಾಗಕ್ಕ ಸ್ಪೀಕರು ಹಾಕಿ ಚಟ್ನಿಯ ವಿಷಯ ಎತ್ತಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಎದ್ದು ನಿಂತೆ. ನೀನು, "ಹ್ಞೂಂ ಅಮ್ಮ, ತಿಂದೆ. ಲಾಯ್ಕ್ ಇದ್ದಿತ್. ರೂಮಿನೋರಿಗೂ ಕೊಟ್ಟೆ" ಎಂದೆ. ನಾಗಕ್ಕನ ಮುಖ ನೀನು ನೋಡಬೇಕಿತ್ತು. "ಕೇಂಡ್ಯಾ ಪದ್ದು? ಬಾಟ್ಲಿ ಖಾಲಿ ಆಯ್ತಂಬ್ರ್! ಇನ್ನೊಂದ್ ಸಲ ಮಾಡ್ಕ್."

ಮಾಡಲು ಹೊರಟೇಬಿಟ್ಟಳು. ಅವಳು ಬಚ್ಚಲಲ್ಲಿ ಜಾರಿದಳು ಎಂದು ನಿನಗೆ ಹೇಳಿದವಳೂ ನಾನೇ, ಅವಳೇ ಹಾಗೆ ಹೇಳು ಎಂದಿದ್ದಳು. ನಿಜವಾಗಿ ಅವಳು ಬಿದ್ದದ್ದು ಅಂಗಳದಲ್ಲಿ. ನಿನಗೆಂದು ಸಿಗಡಿ ಒಣಗಿಸಿ, ಚಾಪೆ ಎತ್ತಿಕೊಂಡು ಮೆಟ್ಟಿಲು ಹತ್ತುವಾಗ ಕಾಲು ಜಾರಿತು. ಮಣಿಕಟ್ಟು ಎರಡು ಕಡೆ ಮುರಿದಿದೆ. ಈ ಕೈಯಲ್ಲಿ ಇನ್ನು ಕುಟ್ಟುವುದು, ಅರೆಯುವುದು ಬೇಡ ಎಂದಿದ್ದಾರೆ ಡಾಕ್ಟರು. ನಾನು ನಿಜ ಹೇಳಿದ್ದರೆ ನೀನು ಸುಳ್ಳು ಹೇಳಬೇಕಾಗಿರಲಿಲ್ಲ, ಅವಳು ಚಾಪೆ ಹಾಸುತ್ತಿರಲಿಲ್ಲ. ಹೇಗೆ ತಿರುಗಿಸಿ ನೋಡಿದರೂ ಅದು ನನ್ನ ಹತ್ತಿರವೇ ಬಂದು ನಿಲ್ಲುತ್ತದೆ.

ಬಾಟಲಿಯ ತಳದಲ್ಲಿ ಕಾಲು ಭಾಗ ಉಳಿದಿತ್ತು. ಬಿಸಾಡಲು ಮನಸ್ಸು ಬಾರದೆ ಸೀರೆಯ ನಡುವೆ ಅಡಗಿಸಿ ವಾಪಸು ತಂದಿದ್ದೆ. ನಾಗಕ್ಕನ ಕೈಯಿಂದ ಆದದ್ದು ಇನ್ನು ಇಷ್ಟೇ. ಗುರುವಾರ ನಿನ್ನ ಕಡೆಗೆ ಹೊರಡುವ ನಮ್ಮೂರ ರಾಜೇಂದ್ರನ ಹತ್ತಿರ ಕಳಿಸುತ್ತಿದ್ದೇನೆ, ಅದೇ ಲುಂಗಿ ತುಂಡಿನಲ್ಲಿ. ಗಂಟು ಮಾತ್ರ ನಾನು ಹಾಕಿದ್ದು, ಕ್ಷಮಿಸು.

ಇದನ್ನು ನಿಮ್ಮ ಜಗಲಿಯಲ್ಲೇ ಕೂತು ಬರೆಯುತ್ತಿದ್ದೇನೆ. ಈಗಷ್ಟೇ ನಾಗಕ್ಕ ಒಳಗಿನಿಂದ ಬಂದು, "ಯಾರಿಗ್ ಬರೂದ್?" ಎಂದಳು. ನಿನ್ನ ಮಗನಿಗೆ ಎಂದೆ. "ಹಾಂಗಾರೆ ನಂದೂ ಒಂದ್ ಮಾತ್ ಬರಿ. ಕೈ ಗುಣ ಆದ್ ಕೂಡ್ಲೇ ಮತ್ತೊಂದ್ ಬಾಟ್ಲಿ ಮಾಡಿ ಕಳಿಸ್ತೆ ಅಂದ್ಹೇಳಿ ಬರಿ" ಎಂದಳು. ಬರೆದಿದ್ದೇನೆ. ಅವಳ ಮಾತು ಬಿಟ್ಟು ಅಭ್ಯಾಸವಿಲ್ಲ.

ಅವಳಿಗೆ ನಾನು ಹೇಳಬೇಕೋ ಬೇಡವೋ, ನೀನೇ ತಿಳಿಸು. ನೀನು ಹೇಳು ಎಂದರೆ ಅವತ್ತೇ ಹೇಳುತ್ತೇನೆ. ಐವತ್ತು ವರ್ಷದ ಸ್ನೇಹ ಹೋದರೂ ಹೋಗಲಿ.

ಕೊಲ್ಲೂರಮ್ಮ ನಿನ್ನನ್ನು ಚೆನ್ನಾಗಿಟ್ಟಿರಲಿ. ಬಿಸಿಲಿನಲ್ಲಿ ವ್ಯಾನು ಓಡಿಸುವಾಗ ನೀರು ಕುಡಿಯುತ್ತಿರು. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ಪದ್ದು ಚಿಕ್ಕಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಆಗಲಿಲ್ಲ. ಊರಿನ ನೆನಪಿಗೆ ತಿಂದೆ ಎಂದು ಮೇಲೆ ಬರೆದದ್ದೂ ಪೂರ್ತಿ ನಿಜವಲ್ಲ. ರಮ್ಯಳಿಗೆಂದು ನಾನೂ ಒಂದು ಬಾಟಲಿ ಮಾಡಿ ಒಯ್ದಿದ್ದೆ. "ಅಮ್ಮಾ, ಇಲ್ಲಿ ಈ ವಾಸ್ನಿ ಆತಿಲ್ಲೆ. ಆಚಿ ಮನಿಯವ್ರ್ ಕಂಪ್ಲೇಂಟ್ ಮಾಡ್ತ್ರ್" ಎಂದಳು. ಅವಳನ್ನು ದೂರಬೇಡ, ಅವಳ ಕಷ್ಟ ಅವಳಿಗೆ. ಎಂಟನೇ ದಿನ ಬೆಳಿಗ್ಗೆ ಕಸದ ಚೀಲ ಕಟ್ಟುವಾಗ ನೋಡಿದೆ, ಒಳಗೆ ನನ್ನ ಬಾಟಲಿ ಇತ್ತು, ಹಾಕಿದ ಗಂಟು ಹಾಗೇ ಇತ್ತು. ಅದೇ ಹೊತ್ತಿಗೆ ನಿನ್ನ ಫೋನು ಬಂತು, "ಚಿಕ್ಕಮ್ಮ, ಅಮ್ಮ ಎಂತ ಕಳ್ಸಿದ್ಲ್?" ಎಂದು. ನಾಗಕ್ಕನ ಗಂಟಿಗಾಗಿ ದಾರಿ ನೋಡುವ ಮಗ ಇದ್ದಾನೆ ಎಂಬುದನ್ನು ನನಗೆ ಸಹಿಸಲಾಗಲಿಲ್ಲ ಪ್ರೇಮಾನಂದ. ಅವತ್ತು ಮಧ್ಯಾಹ್ನವೇ ನಿನ್ನ ಗಂಟು ಬಿಚ್ಚಿದೆ.