ಬೆಳೆದದ್ದೇ ಅಷ್ಟು

ಪ್ರಯೋಗಾಲಯ, ಕಿಟಕಿ ಪಕ್ಕದ ಮೇಜು
ಮಾರ್ಚ್ ಹನ್ನೊಂದು, ಮಧ್ಯಾಹ್ನ

ಪ್ರೀತಿಯ ತಂಗೀ,

ಹೊಸ ಆಸ್ಪತ್ರೆ ಒಗ್ಗಿತೇ? ಸೊಂಟನೋವು ಹೇಗಿದೆ? ಊರವರ ಮೂಳೆ ಕೂಡಿಸುವ ಡಾಕ್ಟರಮ್ಮ ತನ್ನ ಸೊಂಟವನ್ನೇ ಮರೆತರೆ ಹೇಗೆ? ಆಪರೇಷನ್ ಟೇಬಲ್ಲಿನ ಮುಂದೆ ನೀನು ಹತ್ತಿ ನಿಲ್ಲಲೆಂದೇ ಒಂದು ಮಣೆ ಹಾಕಿಸಿದ್ದಾರಂತೆ, ಅಮ್ಮ ಹೇಳಿದಳು. ಅದರ ಬಗ್ಗೆ ನಾನೇನೂ ಹೇಳುವುದಿಲ್ಲ. ಈ ಸಲ ನಿನ್ನಿಂದ ಒಂದು ಒಪ್ಪಿಗೆ ಆಗಬೇಕಾಗಿದೆ, ಅದಕ್ಕೇ ಇಷ್ಟು ಒಳ್ಳೆಯತನ.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಅತ್ತಿಗೆ ಮಾತ್ರ, ಇವರಿಗೆ ಎದ್ದರೂ ಮೀನು, ಬಿದ್ದರೂ ಮೀನು ಎಂದು ರೇಗುತ್ತಿರುತ್ತಾಳೆ. ಸುಳ್ಳೇನಲ್ಲ. ಅಳಿವೆಯ ಕಲ್ಲುಸಂದಿಯಲ್ಲಿ ಹಿಡಿದು ತಂದ ಆ ಕಿರುಬೆರಳುದ್ದದ ಮೀನು ನೆನಪಿದೆಯಲ್ಲ? ಅಂಥವು ನಮ್ಮ ಸಂಗ್ರಹದ ಬಾಟಲಿಗಳಲ್ಲಿ ಎಷ್ಟೋ ವರ್ಷದಿಂದ ಕೂತಿದ್ದವು. ಎಲ್ಲದರ ಚೀಟಿಯಲ್ಲೂ ಬೇರೊಂದು ದೊಡ್ಡ ಮೀನಿನ ಹೆಸರು, ಪಕ್ಕದಲ್ಲಿ ‘ಮರಿ’ ಎಂಬ ಷರಾ. ನಾನೂ ಹಾಗೇ ಬರೆಯಲು ಪೆನ್ನು ತೆಗೆದವನು, ಇರಲಿ ಎಂದು ಒಂದನ್ನು ಕೊಯ್ದು ನೋಡಿದೆ. ಪುಟ್ಟ ಹೊಟ್ಟೆ, ತುಂಬ ಮೊಟ್ಟೆ. ತುಂಬು ಬಸುರಿಯನ್ನು ಇಷ್ಟು ದಿನ ಮರಿ ಎನ್ನುತ್ತಿದ್ದೆವು.

ನೀನು ಚಿಕ್ಕವಳಿದ್ದಾಗ, ಈ ಹುಡುಗಿ ಬೆಳೆಯೋದು ಯಾವಾಗ ಎಂದು ಕೇಳಿದವರಿಗೆಲ್ಲ ಅಮ್ಮ ಹೇಳುತ್ತಿದ್ದಳಲ್ಲ, “ಬೆಳೆದಿದ್ದಾಳಲ್ಲ. ಬೆಳೆದದ್ದೇ ಅಷ್ಟು.” ಆ ಮಾತು ಹಿಡಿದುಕೊಂಡೇ ಮುಂದಕ್ಕೆ ಹೋದೆ. ಮುಳ್ಳು ಎಣಿಸಿದೆ, ಹುರುಪೆ ಎಣಿಸಿದೆ, ನಿಮ್ಮವರಂತೆ ಎಕ್ಸ್‌ರೇ ತೆಗೆಸಿ ಬೆನ್ನುಮೂಳೆಯನ್ನೂ ಎಣಿಸಿದೆ. ದೊಡ್ಡ ಮೀನಿಗಿಂತ ಬೆನ್ನಿನ ರೆಕ್ಕೆಯಲ್ಲಿ ಒಂದು ಮುಳ್ಳು ಕಡಿಮೆ, ಕೆನ್ನೆಯ ಮೇಲಂತೂ ಹುರುಪೆಯೇ ಇಲ್ಲ. ಇದು ಬೇರೆಯದೇ ಜಾತಿ, ಇನ್ನೂ ಯಾರೂ ಹೆಸರಿಡದ್ದು. ಬೆರಳುದ್ದದ ಮೀನಿನ ಮೇಲೆ ಮಾರುದ್ದದ ಲೇಖನ ಬರೆದು ವಿಜ್ಞಾನ ಪತ್ರಿಕೆಗೆ ಕಳಿಸಿದೆ. ಓದಿ ನೋಡಿದ ತಜ್ಞರು ಎಲ್ಲ ಒಪ್ಪಿದ್ದಾರೆ, ನಾನಿಟ್ಟ ಹೆಸರಿನ ಬಗ್ಗೆ ಮಾತ್ರ ಒಂದು ತಕರಾರು. ತಿಂಗಳ ಕೊನೆಯೊಳಗೆ ತಿದ್ದಿ ಕಳಿಸಬೇಕು.

ಅಮ್ಮ ಆಶೀರ್ವಾದ ತಿಳಿಸಿದ್ದಾಳೆ. ಸೊಂಟಕ್ಕೆ ಬಿಸಿನೀರು, ಅಣ್ಣನಿಗೆ ಉತ್ತರ, ಎರಡನ್ನೂ ತಪ್ಪಿಸಬೇಡ.

ನಿನ್ನ
ಅಣ್ಣ

ಮರೆತಿದ್ದೆ (ಮರೆತಿರಲಿಲ್ಲ, ಧೈರ್ಯ ಸಾಲದೆ ಇಲ್ಲಿಗೆ ತಳ್ಳಿದ್ದೆ): ಆ ಮೀನಿಗೆ ನಿನ್ನ ಹೆಸರಿಟ್ಟಿದ್ದೇನೆ. ಶಾಲೆಯ ಹೆಸರಲ್ಲ. ಇನ್ನೊಂದು ಸಲ ಹಾಗೆ ಕರೆದರೆ ಮಾತು ಬಿಡುತ್ತೇನೆ ಎಂದಿದ್ದೆಯಲ್ಲ, ಅದು. ಗಿಡ್ಡಿ. ನಮ್ಮಲ್ಲಿ ‘ಇ’ ಬಂದರೆ ಹೆಣ್ಣು, ವಿಜ್ಞಾನದ ಲ್ಯಾಟಿನ್ನಿನಲ್ಲಿ ಹೀಗೆ ಒಬ್ಬರ ನೆನಪಿಗಿಟ್ಟ ಹೆಸರಿನ ಕೊನೆಗೆ ‘ಇ’ ಬಂದರೆ ಗಂಡಂತೆ. ಈ ಗಿಡ್ಡ ಎಂಬ ಮಹನೀಯರು ಯಾರು ಎಂದು ಆ ತಜ್ಞರು ಕೇಳಿದ್ದಾರೆ. ಹೆಂಗಸಾದರೆ ಕೊನೆಗೆ ‘ಏ’ ಸೇರಿಸಬೇಕಂತೆ. ಒಮ್ಮೆ ಅಚ್ಚಾದರೆ ಮತ್ತೆ ಬದಲಿಸುವಂತಿಲ್ಲ. ಬೇಡ ಎಂದರೆ ಬಿಟ್ಟೆ, ಕಲ್ಲುಸಂದಿಯ ಹೆಸರೇ ಇಡುತ್ತೇನೆ. ಆದರೆ ನಿನ್ನೆ ಅಮ್ಮನಿಗೆ ಮೀನಿನ ಫೋಟೋ ತೋರಿಸಿದೆ, ಹೆಸರು ಹೇಳಿರಲಿಲ್ಲ. ಕನ್ನಡಕ ಏರಿಸಿ ತುಂಬ ಹೊತ್ತು ನೋಡಿ, ನಕ್ಕು, “ಗಿಡ್ಡಿಯೇ” ಅಂದಳು.