ದಿನ ಮೊದಲು, ತಿಂಗಳು ಆಮೇಲೆ

23/3/2025, ಭಾನುವಾರ

ಇಫ್ತಾರಿಗೆ ಇನ್ನೂ ಒಂದೂವರೆ ಗಂಟೆ. ಸಮೋಸ ಕರಿದು ಮುಗಿಯಿತು. ಕೈ ತೊಳೆದು, ಮೆಕ್ಸಿಕೊಗೆ ಹಡಗಿನಲ್ಲಿ ಹೋಗಿಬರುವ ಕ್ರೂಸ್ ಫೋಲ್ಡರ್ ಜೋಡಿಸಿದೆ. ಗಂಡ ಕಾಶಿಫ್ ಪಾಸ್‌ಪೋರ್ಟು, ಅದರಲ್ಲಿ ವೀಸಾ — 2027ರವರೆಗೆ. ಮಗಳು ಅಮ್ನಾಳದು ಅಮೆರಿಕನ್ ಪಾಸ್‌ಪೋರ್ಟು, ಚಿಂತೆಯಿಲ್ಲ. ಒಂಬತ್ತು ವರ್ಷದ ಹುಡುಗಿಗೆ ಇರುವ ನೆಮ್ಮದಿ ಅಪ್ಪ ಅಮ್ಮನಿಗಿಲ್ಲ.

ನನ್ನದು ಒಂದೇ ಹಾಳೆ. ಗ್ರೀನ್ ಕಾರ್ಡ್ ಅರ್ಜಿ ಪೆಂಡಿಂಗ್ ಇರುವವರು ಹೊರಗೆ ಹೋಗಿ ವಾಪಸ್ ಬರಲು ಕೊಡುವ ಹಾಳೆ. ಹೆಸರು ಅಡ್ವಾನ್ಸ್ ಪರೋಲ್. ಇದರ ಅವಧಿ ಮುಗಿದ ಮೇಲೆ ಗಡಿಯಾಚೆ ಸಿಕ್ಕಿಕೊಂಡರೆ ಒಳಗೆ ಬಿಡುವುದಿಲ್ಲ, ಅರ್ಜಿಯೂ ಸತ್ತ ಹಾಗೆ. ಹನ್ನೊಂದು ವರ್ಷ ಕಾದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಡೈರಿಯ ಕೊನೆಯ ಪುಟದಲ್ಲಿ ಎಲ್ಲರ ಎಕ್ಸ್‌ಪೈರಿ ಬರೆದಿಟ್ಟಿದ್ದೇನೆ. ನನ್ನದು 04/05/2025. ಮೇ ನಾಲ್ಕು. ನಾವು ವಾಪಸ್ ಬರುವುದು ಏಪ್ರಿಲ್ ಏಳಕ್ಕೆ. ಬಂದ ಮೇಲೆ ರಿನ್ಯೂಗೆ ಅಪ್ಲೈ ಮಾಡಬೇಕು, ಮರೆಯಬಾರದು.

31/3/2025, ಸೋಮವಾರ

ನಿನ್ನೆ ಈದ್. ಡೈಮಂಡ್ ಬಾರ್ ಊರಿನಲ್ಲಿ ಭಾವ ನೂರುಲ್ಲಾ ಮನೆಯಲ್ಲಿ ನಲವತ್ತು ಜನ. ಬಿರಿಯಾನಿ ಚೆನ್ನಾಗಿತ್ತು. ಮಿಕ್ಕಿದ್ದೆಲ್ಲ ಹಾಳಾಯಿತು, ಅತ್ತೆಯಿಂದ.

ಅತ್ತೆ ಜೈನಬ್ ಬೀ ಚನ್ನಪಟ್ಟಣದವರು. ಪ್ರಾರ್ಥನೆ ಅರಬ್ಬಿಯಲ್ಲಿ, ಬೈಗುಳ ಕನ್ನಡದಲ್ಲಿ. ಎಲ್ಲರ ಮುಂದೆ ಜೋರಾಗಿ ಕೇಳಿದರು, "ತೂಬಾ, ಪರೋಲ್ ಅಂದ್ರೆ ಜೈಲಿನವರಿಗೆ ಕೊಡೋದಲ್ವೇನೇ? ಪೇಪರಲ್ಲಿ ಓದಿದೀನಿ. ನೀನೇನು ಕೊಲೆ ಮಾಡಿದ್ಯಾ?"

ನಲವತ್ತು ಜನ ನಕ್ಕರು. ಕಾಶಿಫ್ ಕೂಡ. ಇಂಥವರ ಜೊತೆ ಮೂರು ದಿನ ಒಂದೇ ಕ್ಯಾಬಿನ್. ಅಲ್ಲಾಹ್, ಸಬರ್ ಕೊಡು, ತಾಳ್ಮೆ ಕೊಡು.

4/4/2025, ಶುಕ್ರವಾರ

ಸ್ಯಾನ್ ಡಿಯಾಗೊ ಬಂದರು. ಚೆಕ್-ಇನ್ ಮಾಡಿದ ಹುಡುಗಿ ನನ್ನ ಹಾಳೆ ನೋಡಿ "ಯೂ ಆರ್ ಗುಡ್" ಎಂದಳು. ಫೋಲ್ಡರ್ ಕ್ಯಾಬಿನ್ ಸೇಫಿನಲ್ಲಿಟ್ಟೆ. ಅತ್ತೆ ಬಾಲ್ಕನಿಯಲ್ಲಿ ಕುಳಿತು ಸಮುದ್ರಕ್ಕೇ ಏನೋ ಹೇಳುತ್ತಿದ್ದಾರೆ.

5/4/2025, ಶನಿವಾರ
ಬೆಳಿಗ್ಗೆ 10.50

ಎನ್ಸೆನಾಡಾ, ಮೆಕ್ಸಿಕೊ. ಹಡಗಿನಿಂದ ನಲವತ್ತು ನಿಮಿಷ ಬಸ್ಸು, ಒಂದು ಕಣಿವೆ. ಅಮ್ನಾಗೆ ಜಿಪ್‌ಲೈನ್ ಹುಚ್ಚು, ತಂತಿಗೆ ನೇತುಬಿದ್ದು ಕಣಿವೆ ದಾಟುವುದು. ತಾಯಿ ತಂದೆ ಸಹಿ ಹಾಕಬೇಕಂತೆ. ಫಾರ್ಮ್ ತುಂಬಿ ಕೊಟ್ಟೆ. ಅಮ್ನಾ ಇಣುಕಿ ನೋಡಿ ಕಿಸಕ್ಕೆಂದಳು.

"ಮಮ್ಮಾ, ಯೂ ರೋಟ್ ಮೇ ಫೋರ್ತ್! ಇಟ್ಸ್ ನಾಟ್ ಇಂಡಿಯಾ."

ನೋಡಿದೆ. 05/04/2025. ಮೈಸೂರಿನ ಸ್ಕೂಲಿನಿಂದ ಬಂದ ಚಾಳಿ, ದಿನ ಮೊದಲು, ತಿಂಗಳು ಆಮೇಲೆ. ಅಮೆರಿಕದಲ್ಲಿ ಕಲಿತ ಅವಳಿಗೆ ಅದು ಮೇ ನಾಲ್ಕು. ನಾನೂ ನಗಬೇಕೆಂದುಕೊಂಡೆ. ನಗು ಬರಲಿಲ್ಲ. ಮೇ ನಾಲ್ಕು... ನನ್ನ ಹಾಳೆಯಲ್ಲಿ ಇರುವುದು 04/05.

11.05

ಫೋನಿನಲ್ಲಿ ಹಾಳೆಯ ಫೋಟೋ ಇದೆ. ತೆರೆದೆ. ನನ್ನ ಹುಟ್ಟಿದ ದಿನ ಅದರಲ್ಲೇ ಮುದ್ರಿಸಿದ್ದಾರೆ — 11/23/1987. ಇಪ್ಪತ್ತಮೂರನೇ ತಿಂಗಳು ಯಾವ ಕ್ಯಾಲೆಂಡರಿನಲ್ಲೂ ಇಲ್ಲ. ತಿಂಗಳು ಮೊದಲು.

04/05. ಏಪ್ರಿಲ್ ಐದು. ಇವತ್ತು.

ಪೊವೇ ಊರಿನ ಆಫೀಸಿನಲ್ಲಿ ನನ್ನ ಕೆಲಸವೇ ಇದು! ಬೇರೆಯವರ ರೆಕಾರ್ಡಿನಲ್ಲಿ ದಿನಾಂಕ ಅಸ್ಪಷ್ಟವಾಗಿದ್ದರೆ ಕೆಂಪು ಇಂಕಿನಲ್ಲಿ ಗುರುತು ಹಾಕಿ ವಾಪಸ್ ಕಳಿಸುವವಳು ನಾನು. ಮನೆಯ ಹಾಳೆಯನ್ನು ಮಾತ್ರ ಮೈಸೂರಿನ ಕಣ್ಣಿನಿಂದ ಓದಿದೆ. ಥೂ ನನ್ನ ಬುದ್ಧಿಗೆ.

11.30

ಕಾಶಿಫ್ ಮೊದಲು ನಂಬಲಿಲ್ಲ. ಆಮೇಲೆ ಬಿಳಿಚಿಕೊಂಡರು. ಹಡಗು ಸ್ಯಾನ್ ಡಿಯಾಗೊ ಮುಟ್ಟುವುದು ಸೋಮವಾರ. ಅಷ್ಟರಲ್ಲಿ ನನ್ನ ಹಾಳೆ ಬರೀ ಹಾಳೆ. ಲಾಯರಿಗೆ ಮೂರು ಸಲ ಫೋನ್, ಶನಿವಾರ, ವಾಯ್ಸ್‌ಮೇಲ್.

ಇರುವುದು ಒಂದೇ ದಾರಿ. ಹಡಗು ಬಿಟ್ಟು ಟ್ಯಾಕ್ಸಿಯಲ್ಲಿ ಗಡಿಯೂರು ತಿಹ್ವಾನಾಗೆ ಹೋಗಿ, ಇವತ್ತೇ ನಡೆದು ಬಾರ್ಡರ್ ದಾಟುವುದು.

"ಎಲ್ಲರೂ ಹೋಗೋಣ" ಎಂದರು ಕಾಶಿಫ್.

"ಬೇಡ. ನನ್ನನ್ನ ಬಿಡದೇ ಹೋದ್ರೆ ಅಮ್ನಾ ಎದುರಿಗೇ ಆಗುತ್ತೆ. ಅವಳು ಅದನ್ನ ನೋಡೋದು ಬೇಡ. ನೀವು ಅವಳ ಜೊತೆ ಹಡಗಲ್ಲೇ ಬನ್ನಿ."

ಅತ್ತೆ ಎದ್ದು ನಿಂತರು. "ಒಬ್ಬಳನ್ನೇ ಟ್ಯಾಕ್ಸಿಲಿ ಕಳಿಸ್ತೀಯೇನೋ? ನಾನ್ ಹೋಗ್ತೀನಿ."

"ನಿಮಗೆ ಇಂಗ್ಲಿಷೂ ಬರಲ್ಲ, ಸ್ಪ್ಯಾನಿಷೂ ಬರಲ್ಲ ಅಮ್ಮೀ."

"ಜೊತೆಗಿರೋಕೆ ಯಾವ ಭಾಷೆ ಬೇಕೋ?"

ಅಮ್ನಾ ಹೆಲ್ಮೆಟ್ ಹಾಕಿಕೊಂಡೇ ನಿಂತಿದ್ದಳು. "ಈಸ್ ಇಟ್ ಬಿಕಾಸ್ ಐ ಲಾಫ್ಡ್?" ಎಂದಳು. ಅಪ್ಪಿಕೊಂಡೆ. ನೀನು ನಗದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ ಕಂದಾ ಎಂದೆ. ಅವಳಿಗೆ ಅರ್ಥವಾಯಿತೋ ಇಲ್ಲವೋ.

ಮಧ್ಯಾಹ್ನ 2.40

ಹಡಗು. ಸೇಫಿನಿಂದ ಹಾಳೆ, ಪಾಸ್‌ಪೋರ್ಟು, ಅಮೆರಿಕನ್ ಪ್ರಜೆಯಾದ ಭಾವ ಮಾಡಿಸಿಕೊಟ್ಟ ಅತ್ತೆಯ ಗ್ರೀನ್ ಕಾರ್ಡು ತೆಗೆದುಕೊಂಡೆ. ನಡುವೆ ಇಳಿದು ಹೋಗಲು ಬಂದರಿನ ಅಧಿಕಾರಿ ಒಪ್ಪಬೇಕಂತೆ. ಆತ ಊಟಕ್ಕೆ ಹೋಗಿದ್ದ. ಒಂದು ಗಂಟೆ ಹತ್ತು ನಿಮಿಷದ ಊಟ! ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಗೋಡೆ ಗಡಿಯಾರವನ್ನೇ ನೋಡಿದೆ. ಅತ್ತೆ ಬಫೆಯಿಂದ ಬನ್ನು, ಬಾಳೆಹಣ್ಣು ಕಟ್ಟಿಕೊಂಡು ಬಂದರು. ತಿನ್ನು ಎಂದರು. ಬ್ಯಾಗಿಗೆ ಹಾಕಿಕೊಂಡೆ.

ಈಗ ಆತ ಬಂದ. ಏನೋ ಬರೆದ. ಠಸ್ಸೆ ಒತ್ತಿದ. ಹೊರಟೆವು.

ಸಂಜೆ 5.50

ತಿಹ್ವಾನಾ. ನಡೆದು ದಾಟುವವರ ಸಾಲು. ಎಷ್ಟುದ್ದವೋ, ಮುಂದಿನ ತುದಿ ಕಾಣುತ್ತಿಲ್ಲ. ಎರಡೂವರೆ ಗಂಟೆ ಎನ್ನುತ್ತಾರೆ. ಸದ್ಯ, ರಾತ್ರಿ ಹನ್ನೆರಡರವರೆಗೆ ಟೈಮಿದೆ. ಡೈರಿಯನ್ನು ಬ್ಯಾಗಿನ ಮೇಲಿಟ್ಟು ಬರೆಯುತ್ತಿದ್ದೇನೆ, ಇಲ್ಲದಿದ್ದರೆ ತಲೆ ಕೆಡುತ್ತದೆ.

ಅತ್ತೆಗೆ ಮಂಡಿ ನೋವು. ಒಬ್ಬ ಹಣ್ಣು ಮಾರುವವಳು ತನ್ನ ಸ್ಟೂಲ್ ಕೊಟ್ಟಳು. ಸಾಲು ಸರಿದಾಗಲೆಲ್ಲ ಅವಳೂ ಸ್ಟೂಲ್ ಹಿಡಿದು ಜೊತೆಗೆ ಬರುತ್ತಾಳೆ. ಅವಳ ಸ್ಪ್ಯಾನಿಷಿಗೆ ಅತ್ತೆ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದಾರೆ. ಇಬ್ಬರಿಗೂ ಏನೂ ತೊಂದರೆಯಾದ ಹಾಗಿಲ್ಲ.

6.25

ನೂರುಲ್ಲಾ ಭಾವ ಫೋನ್ ಮಾಡಿದರು. ಕರೆದೊಯ್ಯಲು ಬರುತ್ತಿದ್ದಾರೆ. ಅತ್ತೆಯೂ ನನ್ನ ಜೊತೆಗಿದ್ದಾರೆ ಎಂದ ಕೂಡಲೇ ಕಿರುಚಿದರು.

"ಅಮ್ಮೀನ ಯಾಕೆ ಕರ್ಕೊಂಡು ಬಂದೆ? ಮಂಡಿ ಆಪರೇಷನ್‌ಗೆ ಹೋಗಿ ಹನ್ನೊಂದು ತಿಂಗಳು ಬೆಂಗಳೂರಲ್ಲಿದ್ದು ಬಂದವ್ರೆ! ಈಗ ಅಷ್ಟು ದಿನ ಹೊರಗಿದ್ದವರನ್ನ ಬಾರ್ಡರಲ್ಲಿ ಕೂರಿಸಿ ಪ್ರಶ್ನೆ ಕೇಳ್ತಾರಂತೆ. ಗ್ರೀನ್ ಕಾರ್ಡ್ ನಾನೇ ಇಷ್ಟಪಟ್ಟು ವಾಪಸ್ ಕೊಡ್ತೀನಿ ಅನ್ನೋ ಫಾರ್ಮೊಂದಿದೆ. ನಮ್ಮ ಆಫೀಸಿನ ದೀಪ್ತಿಯ ಮಾವ ಗೊತ್ತಾಗದೆ ಅದಕ್ಕೆ ಸಹಿ ಹಾಕಿ, ಈಗ ಬೆಂಗಳೂರಲ್ಲಿ ಕೂತಿದಾರೆ. ಏನು ಕೊಟ್ರೂ ಸಹಿ ಹಾಕ್ಬೇಡಿ ಅಂತ ಹೇಳು!"

ಹಡಗಿನಲ್ಲೇ ಬಂದಿದ್ದರೂ ಅತ್ತೆಯನ್ನು ಪ್ರಶ್ನೆ ಕೇಳುತ್ತಿದ್ದರೋ ಏನೋ. ಆದರೆ ಅಲ್ಲಿ ಮಗ ಪಕ್ಕದಲ್ಲಿರುತ್ತಿದ್ದ. ಇಲ್ಲಿ ತಂದು ನಿಲ್ಲಿಸಿದವಳು ನಾನು.

ಅತ್ತೆಗೆ ಹೇಳಿದೆ. "ಯಾವ ಪೇಪರಿಗೂ ಸಹಿ ಹಾಕ್ಬೇಡಿ ಅತ್ತೆ."

"ಯಾಕೆ, ಆಸ್ತಿ ಬರೆಸ್ಕೊತಾರಾ?" ಎಂದು ನಕ್ಕರು. "ಇದ್ದಿದ್ದೊಂದು ಸೈಟು. ಅದನ್ನ ನಿನ್ನ ಗಂಡನೇ ಮಾರಿದಾನೆ."

ನಗಬೇಡಿ ಎಂದು ಗದರಿದೆ. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವರ ಮೇಲೆ ದನಿ ಎತ್ತಿದೆ. ನನ್ನ ಮುಖವನ್ನೇ ನೋಡಿದರು. ಸೆರಗು ತಲೆ ಮೇಲೆ ಎಳೆದುಕೊಂಡು, "ಸರಿ ಬಿಡು, ಹಾಕಲ್ಲ" ಎಂದರು.

ರಾತ್ರಿ 8.35

ಕಿಟಕಿಯವನು ನನ್ನ ಹಾಳೆ ತಿರುಗಿಸಿ ನೋಡಿದ. ಟುಡೇ, ಎಂದ. ಎಸ್ ಸರ್, ಎಂದೆ. ಒಳಗಿನ ಕೋಣೆಗೆ ಕಳಿಸಿದ. ಅತ್ತೆಯನ್ನೂ. ಫೋನ್ ಮುಟ್ಟಬಾರದು. ಡೈರಿಗೆ ಯಾರೂ ಏನೂ ಅನ್ನಲಿಲ್ಲ.

ನನ್ನ ಹಾಳೆ ಕೌಂಟರಿನ ಆಚೆ ಬುಟ್ಟಿಯಲ್ಲಿದೆ. ಇನ್ನೂ ಸ್ಟ್ಯಾಂಪ್ ಬಿದ್ದಿಲ್ಲ. ಮುಂದೆ ಆರು ಜನ. ಕೂತವರು ಕೂತಲ್ಲೇ ಇರಬೇಕು, ಕೂಗುವವರೆಗೂ ಏಳಬಾರದು. ಆಗಲೇ ಎದ್ದ ಒಬ್ಬನನ್ನು ಕರೆದುಕೊಂಡು ಹೋದರು. ಎಲ್ಲಿಗೋ.

8.50

ಅತ್ತೆಯನ್ನು ಮೊದಲು ಕರೆದರು. ನಾನೂ ಬರಲೇ ಎಂದೆ. "ಜಸ್ಟ್ ಹರ್, ಮ್ಯಾಮ್." ಮರ್ಯಾದೆಯಿಂದಲೇ ಹೇಳಿದ. ಯಾವ ಭಾಷೆ ಎಂದು ಕೇಳಿದ. ಕನ್ನಡ, ಎಂದೆ.

"ಕೆನಡಾ?"

ಅಲ್ಲ, ಕನ್ನಡ... ಇಂಡಿಯಾದ ಭಾಷೆ. ತಲೆಯಾಡಿಸಿದ. ಫೋನಿನಲ್ಲಿ ಯಾರಾದರೂ ಸಿಗುತ್ತಾರಾ ನೋಡುತ್ತೇನೆ ಎಂದ. ಗಾಜಿನ ಕೋಣೆ. ಬಾಗಿಲು ಹಾಕಿದರು. ಕಾಣುತ್ತದೆ, ಕೇಳುವುದಿಲ್ಲ.

9.05

ಫೋನಿನವರು ಸಿಕ್ಕ ಹಾಗಿಲ್ಲ. ಆತನೇ ಕೈಸನ್ನೆ ಮಾಡಿ ಮಾತಾಡುತ್ತಿದ್ದಾನೆ. ಅತ್ತೆ ಎಲ್ಲದಕ್ಕೂ ತಲೆಯಾಡಿಸುತ್ತಿದ್ದಾರೆ. ದೊಡ್ಡವರು, ಆಫೀಸರು ಎಂದರೆ ಅವರಿಗೆ ಹಾಗೆಯೇ. ಹೂಂ ಎನ್ನುವುದೇ ಮರ್ಯಾದೆ.

9.08

ಒಂದು ಕಾಗದ ಮುಂದೆ ಸರಿಸಿದ. ಅದೇ ಫಾರ್ಮೋ, ಬೇರೆಯೋ, ಇಲ್ಲಿಂದ ಗೊತ್ತಾಗುವುದಿಲ್ಲ. ಅತ್ತೆ ಕೈಚೀಲ ತಡಕಾಡುತ್ತಿದ್ದಾರೆ. ಕನ್ನಡಕ ನನ್ನ ಬ್ಯಾಗಿನಲ್ಲಿದೆ. ಸಾಲಿನಲ್ಲಿ ನನಗೆ ಕೊಟ್ಟಿದ್ದರು.

ನನ್ನ ಕಡೆ ನೋಡಿದರು. ಬೇಡ ಎಂದು ತಲೆಯಾಡಿಸಿದೆ. ಇಷ್ಟು ದೂರ, ಕನ್ನಡಕವಿಲ್ಲದೆ, ನನ್ನ ಮುಖ ಅವರಿಗೆ ಕಂಡಿರಲಾರದು. ಸುಮ್ಮನೆ ನಕ್ಕರು. ಧೈರ್ಯ ಹೇಳುವವರ ಹಾಗೆ, ನನಗೆ.

ಬುಟ್ಟಿಯಲ್ಲಿ ನನ್ನ ಹಾಳೆ ಮೇಲೆ ಬಂತು. ಮುಂದಿನ ಹೆಸರು ನನ್ನದೇ. ಇನ್ನೈದು ನಿಮಿಷ ಇಲ್ಲಿ ಅಲ್ಲಾಡದೆ ಕೂತರೆ...

ಪೆನ್ನು ಕೊಟ್ಟ. ಬೆರಳಿಟ್ಟು ಜಾಗ ತೋರಿಸುತ್ತಿದ್ದಾನೆ. ಅತ್ತೆ ಬಗ್ಗಿದರು.

ಎದ್ದೆ, ಗಾಜು ಬಡಿದು ಅತ್ತೆಯನ್ನು ತಡೆಯ