ಗಡಗಡಿಯ ಬ್ರೇಕು

ಭಾನುವಾರ, ನವೆಂಬರ್ ೧೦

ಪ್ರೀತಿಯ ಮೈದುನನಿಗೆ,

ಅತ್ತಿಗೆಯ ಆಶೀರ್ವಾದ. ನೀನು ಬರೆದ ಕಾಗದಕ್ಕೆ ಇಷ್ಟು ದಿನ ಉತ್ತರ ಹಾಕಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ನಿಮ್ಮಮ್ಮ ಯಾರಿಗೆ ಎಂದು ಕೇಳುವರು, ನಾನು ಪೆನ್ನು ಮುಚ್ಚಿಡುವೆ. ಇವತ್ತು ಅವರು ಊಟ ಮಾಡಿ ಮಲಗಿದ್ದಾರೆ.

ನಿಮ್ಮಣ್ಣನ ಮಗಳು ಈಗ ನನಗಿಂತ ಎತ್ತರ. ಹೊಲವೆಲ್ಲ ಅವಳದೇ ಉಸ್ತುವಾರಿ. ಮೇವು ಸಾಗಿಸಲು ಬಾಡಿಗೆ ಗಾಡಿ ಕಾದು ಸಾಕಾಗಿ, ಕೊಟ್ಟಿಗೆಯ ಹಿಂದೆ ಟಾರ್ಪಾಲಿನಡಿ ಬಿದ್ದಿದ್ದ ನಮ್ಮ ಹಳೇ ಗಾಡಿ, ಗಡಗಡಿಯನ್ನು ಅಂಗಳಕ್ಕೆ ಎಳೆಸಿದಳು. ನಿಮ್ಮಣ್ಣನ ಸಮೇತ ಕ್ವಾರಿಯ ಹೊಂಡಕ್ಕೆ ಉರುಳಿದ್ದನ್ನು ಸರಪಳಿ ಹಾಕಿ ಮೇಲೆತ್ತಿದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ನಾನು ಬೇಡವೆಂದೆ. "ಬ್ರೇಕ್ ಹೋಗಿದ್ದಕ್ಕೆ ತಾನೆ ಅಪ್ಪ ಹೋಗಿದ್ದು? ಮೊದಲು ಬ್ರೇಕೇ ಮಾಡಿಸ್ತೀನಿ" ಎಂದಳು.

ಮೆಕ್ಯಾನಿಕ್ ಬಂದವನು ಸುತ್ತ ತಿರುಗಿ ನೋಡಿ ನಕ್ಕ. ಎಂಜಿನ್ ಜೀಪಿನದು, ಅಚ್ಚು ಲಾರಿಯದು, ಸ್ಟಿಯರಿಂಗ್ ಯಾವ ಪುಣ್ಯಾತ್ಮನದೋ, ಊರಿನ ಗಾಡಿಗಳೆಲ್ಲ ಸೇರಿ ಹೆತ್ತ ಕೂಸು ಎಂದ. ಮಾವನವರು ಗುಜರಿಯಿಂದ ಒಂದೊಂದೇ ತಂದು ಜೋಡಿಸಿದ್ದನ್ನು ಹೇಳಿದೆ. ನಿಮ್ಮಮ್ಮ ಬಾಗಿಲಿಗೆ ಕುರ್ಚಿ ಹಾಕಿಸಿಕೊಂಡು ಕೂತವರು ಊಟಕ್ಕೂ ಏಳಲಿಲ್ಲ.

ಒಂದೊಂದು ಚಕ್ರ ಬಿಚ್ಚುತ್ತಾ ಹೋದ ಹಾಗೆ ಅವನ ಮಾತು ಕಡಿಮೆಯಾಯಿತು. ಕೊನೆಗೆ ನನ್ನನ್ನು ಕರೆದು ತೋರಿಸಿದ. ಬ್ರೇಕಿನ ಪಟ್ಟಿ ಸವೆದಿಲ್ಲ. ಪೆಡಲಿನಿಂದ ಚಕ್ರಕ್ಕೆ ಹೋಗುವ ಸರಳು ತುಕ್ಕು ಹಿಡಿದಿದೆ, ಮುರಿದಿಲ್ಲ. ಪಿನ್ನುಗಳೆಲ್ಲ ಇದ್ದಲ್ಲೇ ಇವೆ. ಕಡೆಯದಾಗಿ ಇದನ್ನು ರಿಪೇರಿ ಮಾಡಿದ್ದು ಯಾರೆಂದು ಕೇಳಿದ. ನನ್ನ ಮೈದುನ, ಅನಾಹುತದ ಹಿಂದಿನ ವಾರವಷ್ಟೇ ಎಂದೆ. ಅವನು ಕೈಯನ್ನು ಬಹಳ ಹೊತ್ತು ಒರೆಸಿಕೊಂಡ.

"ಅಮ್ಮಾ, ಇದು ಕೆಟ್ಟಿರಲೇ ಇಲ್ಲ. ಒತ್ತಿದ್ರೆ ನಿಲ್ತಿತ್ತು."

ತುಕ್ಕು ಕೆರೆದು ಗ್ರೀಸ್ ಹಚ್ಚಿದ, ಅಷ್ಟೇ. ಎಂಜಿನ್‌ಗೆ ಜೀವ ಬಂದ ದಿನ ಮಗಳು ನನ್ನ ಮಾತು ಕೇಳದೆ ಕ್ವಾರಿಯ ಇಳಿಜಾರಿಗೇ ಹೊಡೆದುಕೊಂಡು ಹೋದಳು. ನಾನು ಹಿಂದೆ ಓಡಿದೆ. ಅರ್ಧ ಇಳಿಜಾರಿನಲ್ಲಿ ಗಡಗಡಿ ನೆಟ್ಟ ಹಾಗೆ ನಿಂತಿತು. ಅವಳು ತಿರುಗಿ ನಕ್ಕಳು. ಕೆಳಗೆ ಹೊಂಡದ ನೀರು ಅಲ್ಲಾಡದೆ ಕಪ್ಪಗಿತ್ತು. ಬ್ರೇಕ್ ಇದ್ದೂ ಅಪ್ಪ ಒತ್ತಲಿಲ್ಲವೆಂಬುದು ಅವಳಿಗೆ ಇನ್ನೂ ಹೊಳೆದಿಲ್ಲ.

ಮನೆಗೆ ಬಂದರೆ ನಿಮ್ಮಮ್ಮ ಕೇಳಿದ್ದು ಒಂದೇ, "ನಿಲ್ತಾ?"

ಹೂಂ ಎಂದೆ. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಬ್ರೇಕ್ ಹೋಗಿತ್ತು ಅಂತಲೇ ಇರಲಿ. ಚಿಕ್ಕವನು ಬೈಸಿಕೊಂಡ್ರೂ ಎಲ್ಲೋ ಬದುಕಿದಾನೆ. ಸತ್ತವನಿಗೆ ಯಾಕೆ ಇನ್ನೊಂದು ಹೆಸರು?"

ಅಂದರೆ ಹತ್ತು ಜನರೆದುರು ನಿನ್ನನ್ನು ಕೊಲೆಗಾರನೆಂದು ಹೊಸಿಲು ದಾಟಿಸಿದಾಗಲೂ ಅವರಿಗೆ ಗೊತ್ತಿತ್ತು. ಇವತ್ತು ಅವರು ಮಲಗಿದ ಕೂಡಲೇ ಈ ಕಾಗದ ಹಿಡಿದೆ. ನಿನ್ನ ಕೆಲಸದಲ್ಲಿ ತಪ್ಪಿರಲಿಲ್ಲ, ಮಗೂ. ಯಾರ ಅಪ್ಪಣೆಗೂ ಕಾಯದೆ ಮನೆಗೆ ಬಾ. ನಿನ್ನ ಹೆಂಡತಿ ಮಕ್ಕಳು ತಣ್ಣಗಿರಲಿ, ನಿನಗೆ ಇನ್ನು ಮೇಲಾದರೂ ಕಣ್ತುಂಬ ನಿದ್ದೆ ಬರಲಿ.

ನಿನ್ನ ಅತ್ತಿಗೆ

ತಾ.ಕ.: ಅವತ್ತು ಬೆಳಿಗ್ಗೆ ನಿಮ್ಮಣ್ಣ ಗಾಡಿ ಸ್ಟಾರ್ಟ್ ಮಾಡಿ ನನ್ನನ್ನೂ ಕರೆದಿದ್ದರು. "ಬಾ, ಮಗೂನೂ ಕರ್ಕೊಂಡು ಬಾ, ಒಂದು ಸುತ್ತು ಹೋಗಿ ಬರೋಣ" ಎಂದರು. ಮದುವೆಯಾದ ಮೇಲೆ ಅವರು ಹಾಗೆ ಕರೆದಿದ್ದು ಅದೊಂದೇ ಸಲ. ಮಗು ಹತ್ತಿ ಕೂತೂ ಆಗಿತ್ತು. ಒಲೆಯ ಮೇಲೆ ಹಾಲು ಉಕ್ಕಿತೆಂದು ನಾನು ಒಳಗೆ ಓಡಿದೆ, ಅವಳೂ ಇಳಿದು ನನ್ನ ಹಿಂದೆಯೇ ಬಂದಳು. ಅವರು ಸ್ವಲ್ಪ ಹೊತ್ತು ಕಾದು, ಒಬ್ಬರೇ ಕ್ವಾರಿಯ ಕಡೆ ಹೊರಟುಹೋದರು. ಆ ಒಂದು ಕರೆಯನ್ನು ನೆನೆದುಕೊಂಡೇ ನಾನು ಇಷ್ಟು ವರ್ಷ ಕಳೆದೆ.